ಇಂಗ್ಲಿಷ್ ತರಗತಿಗೆ ಸಾಹಿತ್ಯವೋ, ಹಬ್ಬವೋ: ಧಾರವಾಡ, ಗದಗ, ಹಾವೇರಿಯ ಶಿಕ್ಷಕರಿಗೊಂದು ಹೋಲಿಕೆ

ಹುಬ್ಬಳ್ಳಿ-ಧಾರವಾಡ, ಗದಗ ಮತ್ತು ಹಾವೇರಿ ಭಾಗದ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವವರಿಗೆ ಪಠ್ಯಪುಸ್ತಕವನ್ನು ಬದಲಿಸುವ ಅಧಿಕಾರವಿಲ್ಲ. ಆದರೆ ಪಾಠ ಮುಗಿದ ಮೇಲೆ ಉಳಿಯುವ ಅವಧಿಗಳಲ್ಲಿ, ಓದಿಗೆಂದು ಮೀಸಲಿಟ್ಟ ಗಂಟೆಯಲ್ಲಿ, ಹಿಂದಿನ ತರಗತಿಯ ಕಲಿಕೆಯನ್ನು ಮೆಲುಕು ಹಾಕಿಸುವ ಜೂನ್ ತಿಂಗಳ ಸೇತುಬಂಧದ ದಿನಗಳಲ್ಲಿ ತರಗತಿಗೆ ಏನನ್ನು ಒಯ್ಯಬೇಕು ಎಂಬುದು ಬಹುಮಟ್ಟಿಗೆ ಅವರ ಕೈಯಲ್ಲೇ ಇದೆ. ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಆರಂಭವಾಗಿದೆ. ಆದರೂ ಹತ್ತನೆಯ ತರಗತಿ ತಲುಪಿದ ಎಷ್ಟೋ ಮಕ್ಕಳು ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿ ದ್ವಿತೀಯ ಭಾಷೆಯ ಪರೀಕ್ಷೆಯನ್ನು ದಾಟುತ್ತಾರೆಯೇ ಹೊರತು, ತಮ್ಮ ಊರಿನ ಜಾತ್ರೆಯ ಬಗ್ಗೆ ನಾಲ್ಕು ವಾಕ್ಯಗಳನ್ನು ತಾವಾಗಿ ಹೇಳಲು ತಡವರಿಸುತ್ತಾರೆ. ಈ ಕೊರತೆಯನ್ನು ತುಂಬಲು ಶಿಕ್ಷಕರ ಮುಂದೆ ಸಾಮಾನ್ಯವಾಗಿ ನಾಲ್ಕು ದಾರಿಗಳಿವೆ: ನಮ್ಮ ಹಬ್ಬ ಮತ್ತು ಆಚರಣೆಗಳು, ಇಂಗ್ಲಿಷಿನಲ್ಲಿ ಸಿಗುವ ನಮ್ಮದೇ ಸಾಹಿತ್ಯ, ಇಂಗ್ಲಿಷ್ ಮೂಲದ ಕಥೆ-ಕವಿತೆ, ಇಂಗ್ಲಿಷ್ ಮಾತನಾಡುವ ದೇಶಗಳ ಹಬ್ಬಗಳು. ಯಾವುದನ್ನು ಯಾವಾಗ, ಯಾರಿಗೆ ಆರಿಸಬೇಕು ಎಂಬುದನ್ನು ಇಲ್ಲಿ ಹೋಲಿಸಿ ನೋಡಿದ್ದೇನೆ.

ಹೋಲಿಕೆಗೆ ಒಂದು ಅಳತೆ ಬೇಕು. ನಾನು ನಂಬಿರುವ ಅಳತೆ ಸರಳವಾದದ್ದು: ಒಂದು ಪಾಠದಲ್ಲಿ ವಿಷಯ ಮತ್ತು ಭಾಷೆ ಎರಡೂ ಏಕಕಾಲಕ್ಕೆ ಹೊಸದಾಗಿರಬಾರದು. ವಿಷಯ ಮಗುವಿಗೆ ಚೆನ್ನಾಗಿ ಗೊತ್ತಿದ್ದರೆ ಭಾಷೆ ಅದರ ಮಟ್ಟಕ್ಕಿಂತ ತುಸು ಮೇಲಿದ್ದರೂ ನಡೆಯುತ್ತದೆ, ಏಕೆಂದರೆ ಅರ್ಥವನ್ನು ಊಹಿಸಲು ಅದಕ್ಕೆ ಆಸರೆಯಿರುತ್ತದೆ. ಭಾಷೆ ಸುಲಭವಾಗಿದ್ದರೆ ಮಗು ಎಂದೂ ಕಾಣದ ಲೋಕಕ್ಕೂ ಕರೆದೊಯ್ಯಬಹುದು. ಎರಡೂ ಅಪರಿಚಿತವಾದಾಗ ಶಿಕ್ಷಕರು ಪ್ರತಿ ಸಾಲನ್ನೂ ಕನ್ನಡದಲ್ಲಿ ವಿವರಿಸಬೇಕಾಗುತ್ತದೆ, ಮಕ್ಕಳು ಆ ಕನ್ನಡ ವಿವರಣೆಯನ್ನೇ ಬರೆದುಕೊಳ್ಳುತ್ತಾರೆ, ಇಂಗ್ಲಿಷ್ ಹಾಳೆಯ ಮೇಲೆಯೇ ಉಳಿದುಬಿಡುತ್ತದೆ.

ನಮ್ಮ ಹಬ್ಬಗಳು: ಮಾತನಾಡಿಸಲು ಎಲ್ಲಕ್ಕಿಂತ ಮೇಲು

ಬಾಯಿ ತೆರೆಯಲು ಹೆದರುವ ಮಕ್ಕಳಿಗೆ ಹಬ್ಬಕ್ಕಿಂತ ಒಳ್ಳೆಯ ವಿಷಯವಿಲ್ಲ. ನಮ್ಮ ಸೀಮೆಯ ಹಬ್ಬಗಳ ಸಾಲು ಶಾಲೆಯ ವರ್ಷಕ್ಕೆ ಸರಿಯಾಗಿ ಹೊಂದಿಕೊಂಡಿದೆ. ಶಾಲೆ ಆರಂಭವಾಗುತ್ತಲೇ ಕಾರಹುಣ್ಣಿಮೆ ಮತ್ತು ಮಣ್ಣೆತ್ತಿನ ಅಮಾವಾಸ್ಯೆ, ಶ್ರಾವಣದಲ್ಲಿ ಪಂಚಮಿ, ಭಾದ್ರಪದದಲ್ಲಿ ಗಣಪತಿ ಮತ್ತು ಜೋಕುಮಾರ, ಆಮೇಲೆ ಬನ್ನಿ, ಸೀಗೆಹುಣ್ಣಿಮೆ, ದೀಪಾವಳಿ, ಚಳಿಗಾಲದಲ್ಲಿ ಎಳ್ಳಮಾವಾಸ್ಯೆಯ ಚರಗ (ಹೊಲದಲ್ಲಿ ಚೆಲ್ಲುವ ನೈವೇದ್ಯ) ಬರುತ್ತವೆ. ಪ್ರತಿಯೊಂದೂ ಮಕ್ಕಳು ಕೈಯಾರೆ ಮಾಡಿದ್ದು, ಕಣ್ಣಾರೆ ಕಂಡದ್ದು. ಹೇಳಲು ವಿಷಯವೇ ಇಲ್ಲ ಎನ್ನುವ ನೆಪಕ್ಕೆ ಅವಕಾಶವಿಲ್ಲ.

ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಒಂದೊಂದು ಹಬ್ಬ ಒಂದೊಂದು ಬಗೆಯ ವಾಕ್ಯವನ್ನು ಸಹಜವಾಗಿ ಬೇಡುತ್ತದೆ. ಪಂಚಮಿಗೆ ಅಳ್ಳು ಹುರಿಯುವುದು, ಶೇಂಗಾ ಉಂಡಿ, ಎಳ್ಳುಂಡಿ ಕಟ್ಟುವುದು ಕ್ರಮಬದ್ಧವಾದ ಕೆಲಸಗಳಾದ್ದರಿಂದ ‘ಮೊದಲು ಇದನ್ನು ಮಾಡು, ಆಮೇಲೆ ಅದನ್ನು ಮಾಡು’ ಎಂಬ ಸೂಚನಾ ವಾಕ್ಯಗಳು ತಾವಾಗಿಯೇ ಬರುತ್ತವೆ. ಮರುವಾರ ಅದೇ ಬರಹವನ್ನು ಕರ್ಮಣಿ ಪ್ರಯೋಗಕ್ಕೆ ತಿರುಗಿಸಲು ಹೇಳಿದರೆ ವ್ಯಾಕರಣದ ಪಾಠಕ್ಕೆ ಬೇರೆ ಉದಾಹರಣೆ ಹುಡುಕಬೇಕಾಗಿಲ್ಲ. ಕಾರಹುಣ್ಣಿಮೆಯ ದಿನ ಸಿಂಗರಿಸಿದ ಎತ್ತುಗಳನ್ನು ಓಡಿಸಿ ಕರಿ ಹರಿಯುವುದನ್ನು ಕ್ರಿಕೆಟ್ ವೀಕ್ಷಕ ವಿವರಣೆಯಂತೆ ಹೇಳಿಸಿದರೆ ನಡೆಯುತ್ತಿರುವ ಕ್ರಿಯೆಯ ವರ್ತಮಾನ ಕಾಲ ಹಿಡಿತಕ್ಕೆ ಸಿಗುತ್ತದೆ. ಬನ್ನಿ ಕೊಟ್ಟು ಹಿರಿಯರ ಕಾಲಿಗೆರಗುವಾಗ ಯಾರು ಯಾರಿಗೆ ಏನು ಹೇಳುತ್ತಾರೆ ಎಂಬುದನ್ನು ಇಂಗ್ಲಿಷಿನಲ್ಲಿ ವಿವರಿಸಲು ಹೊರಟ ಮಗು ಪರೋಕ್ಷ ಭಾಷಣದ ನಿಯಮಗಳನ್ನು ಬೇಕಾಗಿಯೇ ಕೇಳುತ್ತದೆ. ಹಬ್ಬಕ್ಕೆ ಮೂರು ದಿನ ಮುಂಚೆ ಮಾತನಾಡಿಸಿದರೆ ಭವಿಷ್ಯತ್ ಕಾಲ, ರಜೆ ಮುಗಿಸಿ ಬಂದ ದಿನ ಮಾತನಾಡಿಸಿದರೆ ಭೂತಕಾಲ. ಎರಡೂ ಸಲ ಮಾತನಾಡಿಸುವುದೇ ಒಳ್ಳೆಯದು.

ಆದರೆ ಈ ದಾರಿಗೆ ಎರಡು ದೊಡ್ಡ ದೋಷಗಳಿವೆ. ಮೊದಲನೆಯದು, ಹಬ್ಬದ ಬಗ್ಗೆ ‘ಪ್ರಬಂಧ ಬರೆಯಿರಿ’ ಎಂದ ಕೂಡಲೇ ಗೈಡ್ ಪುಸ್ತಕದ ವಾಕ್ಯಗಳು ಹೊರಬರುತ್ತವೆ: ಇದು ನಮ್ಮ ಪ್ರಮುಖ ಹಬ್ಬ, ಇದನ್ನು ಬಹಳ ಸಂಭ್ರಮದಿಂದ ಆಚರಿಸುತ್ತಾರೆ, ಎಲ್ಲರೂ ಹೊಸ ಬಟ್ಟೆ ಧರಿಸುತ್ತಾರೆ. ಯಾವ ಹಬ್ಬಕ್ಕಾದರೂ ಹೊಂದುವ ಈ ಸಾಲುಗಳಿಂದ ಮಗು ಏನನ್ನೂ ಕಲಿಯುವುದಿಲ್ಲ. ಆದ್ದರಿಂದ ಹಬ್ಬವನ್ನಲ್ಲ, ಹಬ್ಬದ ಒಂದು ಗಳಿಗೆಯನ್ನು ಕೇಳಬೇಕು. ಜೋಕಾಲಿ ಕಟ್ಟಲು ಯಾವ ಮರ ಆರಿಸಿದಿರಿ, ಹಗ್ಗ ಎಲ್ಲಿಂದ ಬಂತು, ಮೊದಲು ಜೀಕಿದವರು ಯಾರು, ಯಾರಾದರೂ ಹೆದರಿದರೇ? ಇಂಥ ಪ್ರಶ್ನೆಗಳಿಗೆ ಗೈಡಿನಲ್ಲಿ ಉತ್ತರವಿರುವುದಿಲ್ಲ. ಉಂಡಿ, ಚರಗ, ಜೋಕುಮಾರ ಮುಂತಾದ ಹೆಸರುಗಳನ್ನು ಹಾಗೆಯೇ ಬಿಟ್ಟು, ಅವು ಏನೆಂದು ಗೊತ್ತಿಲ್ಲದವರಿಗೆ ಒಂದು ವಾಕ್ಯದಲ್ಲಿ ತಿಳಿಸಲು ಹೇಳಿದರೆ ಸಾಕು.

ಎರಡನೆಯ ದೋಷ ಇನ್ನೂ ಸೂಕ್ಷ್ಮವಾದದ್ದು. ಹುಬ್ಬಳ್ಳಿಯ ಒಂದು ಸಾಮಾನ್ಯ ತರಗತಿಯಲ್ಲಿ ಮನೆಯಲ್ಲಿ ಉರ್ದು, ಮರಾಠಿ, ಕೊಂಕಣಿ, ತೆಲುಗು ಮಾತನಾಡುವ ಮಕ್ಕಳಿರುತ್ತಾರೆ. ಗದಗ-ಬೆಟಗೇರಿಯಲ್ಲಿ ಸಾವಜಿ ಕುಟುಂಬಗಳ ಮಕ್ಕಳು, ಹಾವೇರಿಯ ಹಳ್ಳಿಗಳಲ್ಲಿ ಲಂಬಾಣಿ ತಾಂಡಾದ ಮಕ್ಕಳು ಇರುತ್ತಾರೆ. ಎಲ್ಲರಿಗೂ ಪಂಚಮಿಯನ್ನೇ ಕೊಟ್ಟರೆ ಕೆಲವರು ತಮ್ಮದಲ್ಲದ ಮನೆಯ ಕಥೆಯನ್ನು ಬರೆಯಬೇಕಾಗುತ್ತದೆ. ‘ನಿಮ್ಮ ಮನೆಯವರು ನಸುಕಿನಲ್ಲೇ ಏಳುವ ಒಂದು ದಿನದ ಬಗ್ಗೆ ಹೇಳಿ’ ಎಂದು ಕೇಳಿದರೆ ರಂಜಾನಿನ ಶೀರ್‌ಕುರ್ಮಾ, ತಾಂಡಾದ ಹುಡುಗಿಯರು ದೀಪಾವಳಿಗೆ ಮನೆಮನೆಗೆ ಹೋಗಿ ಹಾಡುವ ಮೇರಾ, ಚರ್ಚಿನ ಕ್ರಿಸ್ಮಸ್ ಎಲ್ಲವೂ ಸಮಾನವಾಗಿ ತರಗತಿಗೆ ಬರುತ್ತವೆ. ಒಬ್ಬರ ಮನೆಯ ಸಂಗತಿ ಇನ್ನೊಬ್ಬರಿಗೆ ಗೊತ್ತಿಲ್ಲದಿದ್ದಾಗಲೇ ನಿಜವಾದ ಪ್ರಶ್ನೆಗಳು ಹುಟ್ಟುತ್ತವೆ ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಹಳ್ಳಿಗಳಲ್ಲಿ ಮೊಹರಮ್ಮಿನ ಕುಣಿತ ಮತ್ತು ರಿವಾಯತ್ ಪದಗಳಲ್ಲಿ ಎಲ್ಲ ಜಾತಿಯವರೂ ಸೇರುವುದರಿಂದ ಅದು ಇಡೀ ತರಗತಿ ಹಂಚಿಕೊಳ್ಳಬಹುದಾದ ವಿಷಯ. ಆದರೂ ನಮ್ಮ ಇಂಗ್ಲಿಷ್ ಪ್ರಬಂಧಗಳ ಪಟ್ಟಿಯಲ್ಲಿ ಅದನ್ನು ನಾನು ಕಂಡದ್ದು ಕಡಿಮೆ.

ಹಬ್ಬದ ದಾರಿ ಒಂದು ಹಂತದಲ್ಲಿ ನಿಂತುಬಿಡುತ್ತದೆ ಎಂಬುದೂ ನಿಜ. ವರ್ಷದಲ್ಲಿ ಮೂರು ನಾಲ್ಕು ಹಬ್ಬಗಳ ಬಗ್ಗೆ ಬರೆದ ಮೇಲೆ ಮಕ್ಕಳು ತಮಗೆ ಗೊತ್ತಿರುವ ವಾಕ್ಯಗಳನ್ನೇ ಮತ್ತೆ ಮತ್ತೆ ಬಳಸತೊಡಗುತ್ತಾರೆ. ಹೊಸ ವಾಕ್ಯ, ಹೊಸ ಪದ ಬರಬೇಕಾದರೆ ಚೆನ್ನಾಗಿ ಬರೆದ ಇನ್ನೊಬ್ಬರ ಬರಹ ಬೇಕು.

ಇಂಗ್ಲಿಷಿನಲ್ಲಿರುವ ನಮ್ಮದೇ ಸಾಹಿತ್ಯ

ನನ್ನ ದೃಷ್ಟಿಯಲ್ಲಿ ನಾಲ್ಕು ದಾರಿಗಳಲ್ಲಿ ಅತಿ ಹೆಚ್ಚು ಬೆಲೆಯುಳ್ಳದ್ದೂ, ಅತಿ ಕಡಿಮೆ ಬಳಕೆಯಾಗುತ್ತಿರುವುದೂ ಇದೇ. ನಮ್ಮ ಭಾಗದಲ್ಲಿ ಇಂಗ್ಲಿಷ್ ಬೋಧನೆ ಮತ್ತು ಕನ್ನಡ ಸಾಹಿತ್ಯ ಎಂದೂ ಬೇರೆ ಬೇರೆ ಕೋಣೆಗಳಲ್ಲಿ ವಾಸಿಸಿದವಲ್ಲ. ಸವಣೂರಿನಲ್ಲಿ ಹುಟ್ಟಿದ ವಿ. ಕೃ. ಗೋಕಾಕರು ಇಂಗ್ಲಿಷ್ ಪ್ರಾಧ್ಯಾಪಕರಾಗಿ, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿ ದುಡಿದವರು. ಕನ್ನಡಕ್ಕೆ ಜ್ಞಾನಪೀಠ ತಂದವರು. ಹಾವೇರಿ ಜಿಲ್ಲೆಯ ಹತ್ತಿಮತ್ತೂರಿನ ಚಂಪಾ (ಚಂದ್ರಶೇಖರ ಪಾಟೀಲ) ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸುತ್ತಲೇ ಕನ್ನಡದ ಕವಿಯೂ ಹೋರಾಟಗಾರರೂ ಆಗಿದ್ದರು. ಹೀಗಿರುವಾಗ ಇಂಗ್ಲಿಷ್ ತರಗತಿಯೊಳಗೆ ಬಸವಣ್ಣನೂ ಸರ್ವಜ್ಞನೂ ಬರಬಾರದೆಂಬ ಸಂಕೋಚ ನಮಗೇಕೆ ಇರಬೇಕು?

ವಚನಗಳಿಂದ ಆರಂಭಿಸಬಹುದು. ಎ. ಕೆ. ರಾಮಾನುಜನ್ ಅವರು ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ ಮತ್ತು ಅಲ್ಲಮಪ್ರಭುವಿನ ವಚನಗಳನ್ನು ಇಂಗ್ಲಿಷಿಗೆ ತಂದ ‘ಸ್ಪೀಕಿಂಗ್ ಆಫ್ ಶಿವ’ 1973ರಲ್ಲಿ ಪ್ರಕಟವಾಯಿತು. ಅದರ ಸಾಲುಗಳು ಗಿಡ್ಡ, ಪದಗಳು ದಿನಬಳಕೆಯವು. ‘ಉಳ್ಳವರು ಶಿವಾಲಯ ಮಾಡುವರು’ ಎಂಬ ವಚನವನ್ನು ನಮ್ಮ ಮಕ್ಕಳು ಶಾಲೆಯ ಕಾರ್ಯಕ್ರಮಗಳಲ್ಲಿ ಹಾಡಿರುತ್ತಾರೆ. ಅದರ ಇಂಗ್ಲಿಷ್ ರೂಪ ಇಡಿಯಾಗಿ ಕರಿಹಲಗೆಯ ಮೇಲೆ ಹಿಡಿಸುತ್ತದೆ. ಅರ್ಥ ಮೊದಲೇ ಗೊತ್ತಿರುವುದರಿಂದ ಮಗುವಿನ ಗಮನವೆಲ್ಲ ಇಂಗ್ಲಿಷ್ ವಾಕ್ಯ ಹೇಗೆ ಕಟ್ಟಲ್ಪಟ್ಟಿದೆ ಎಂಬುದರತ್ತ ಹರಿಯುತ್ತದೆ: ಕ್ರಿಯಾಪದ ಕನ್ನಡದಲ್ಲಿ ಕೊನೆಗೆ ಬಂದರೆ ಇಲ್ಲಿ ಎಲ್ಲಿಗೆ ಬಂತು, ಸಂಬೋಧನೆ ಎಲ್ಲಿ ನಿಂತಿತು, ಯಾವ ಮಾತನ್ನು ಅನುವಾದಕರು ಬಿಟ್ಟರು. ಹತ್ತು ಸಾಲುಗಳ ಮೇಲೆ ಒಂದು ಅವಧಿ ಪೂರ್ತಿ ಚರ್ಚೆ ನಡೆಸಬಹುದು, ಮತ್ತು ಆ ಚರ್ಚೆಯಲ್ಲಿ ಹಿಂದಿನ ಬೆಂಚಿನ ಮಗುವಿಗೂ ಹೇಳಲು ಮಾತಿರುತ್ತದೆ.

ಹಿರೇಕೆರೂರು ಸೀಮೆಯ ಸರ್ವಜ್ಞನನ್ನು ಬೇರೆ ರೀತಿಯಲ್ಲಿ ಬಳಸಬೇಕು. ತ್ರಿಪದಿಯನ್ನು ಇಂಗ್ಲಿಷ್ ಪದ್ಯವಾಗಿಸಲು ಹೊರಟರೆ ಮಕ್ಕಳು ಪ್ರಾಸದ ಹಿಂದೆ ಬಿದ್ದು ವಾಕ್ಯವನ್ನು ಕೆಡಿಸುತ್ತಾರೆ. ಸಾಲವನು ಕೊಳ್ಳುವಾಗ ಹಾಲೋಗರ ಉಂಡಂತೆ ಎಂಬ ತ್ರಿಪದಿಯನ್ನು ಕೊಟ್ಟು, ‘ನಿಮ್ಮ ಊರಿಗೆ ಬಂದ ಹೊರಗಿನವರೊಬ್ಬರಿಗೆ ಇದನ್ನು ಮೂರು ಗದ್ಯ ವಾಕ್ಯಗಳಲ್ಲಿ ತಿಳಿಸಿ’ ಎಂದರೆ ಹೋಲಿಕೆ ಹೇಳುವ, ಕಾರಣ ಕೊಡುವ, ಮೊದಲು-ನಂತರ ಸೂಚಿಸುವ ಪದಗಳೆಲ್ಲ ಅಗತ್ಯವಾಗಿಯೇ ಬೇಕಾಗುತ್ತವೆ.

ಜನಪದ ಕಥೆಗಳು ಇನ್ನೂ ಸಮೃದ್ಧವಾದ ಭಂಡಾರ. ರಾಮಾನುಜನ್ ಅವರು 1950ರ ದಶಕದಲ್ಲಿ ಬೆಳಗಾವಿಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಕಾಲದಿಂದಲೂ ಈ ಕಡೆಯ ಕಥೆಗಳನ್ನು ಸಂಗ್ರಹಿಸಿದವರು. ಅವರ ಇಂಗ್ಲಿಷ್ ಜನಪದ ಕಥಾ ಸಂಕಲನ 1991ರಲ್ಲಿ ಹೊರಬಂತು. ಇಲ್ಲಿ ಕ್ರಮ ಮುಖ್ಯ. ಮೊದಲು ಮಕ್ಕಳು ಮನೆಯಲ್ಲಿ ಅಜ್ಜಿಯಿಂದಲೋ ಆಯಿಯಿಂದಲೋ ಒಂದು ಕಥೆ ಕೇಳಿಕೊಂಡು ಬರಲಿ, ಅದನ್ನು ಕನ್ನಡದಲ್ಲಿ ತರಗತಿಗೆ ಹೇಳಲಿ, ಆನಂತರ ಅದಕ್ಕೆ ಹತ್ತಿರವಾದ ಒಂದು ಕಥೆಯನ್ನು ಶಿಕ್ಷಕರು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಲಿ. ಕಥೆಯ ನಡೆ ಮಕ್ಕಳಿಗೆ ಗೊತ್ತು, ಮುಂದೇನಾಗುತ್ತದೆ ಎಂಬ ನಿರೀಕ್ಷೆಯೂ ಇದೆ. ಆದ್ದರಿಂದ ನಡುವೆ ಬರುವ ಅಪರಿಚಿತ ಪದಗಳ ಮುಂದೆ ಅವರು ನಿಲ್ಲುವುದಿಲ್ಲ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇರುವಾಗ, ಸುತ್ತಲಿನ ಶಾಲೆಗಳು ಮಕ್ಕಳು ಸಂಗ್ರಹಿಸಿ ಇಂಗ್ಲಿಷಿನಲ್ಲಿ ಬರೆದ ಕಥೆಗಳ ಕೈಬರಹದ ಪುಸ್ತಕಗಳನ್ನು ಪ್ರತಿ ವರ್ಷ ಹೊರತಂದರೆ ಎಷ್ಟು ಚೆನ್ನ.

ಹಬ್ಬ ಮತ್ತು ಸಾಹಿತ್ಯ ಕೂಡುವ ಜಾಗವೂ ಇದೇ. ಪಂಚಮಿಗೆ ಕರೆಯಲು ಅಣ್ಣ ಬರಲಿಲ್ಲವೇಕೆ ಎಂದು ಗಂಡನ ಮನೆಯಲ್ಲಿ ದಾರಿ ಕಾಯುವ ಹೆಣ್ಣುಮಗಳ ಹಾಡುಗಳು ನಮ್ಮಲ್ಲಿ ಹೇರಳವಾಗಿವೆ. ಅಂಥ ಹಾಡೊಂದನ್ನು ಕೇಳಿಸಿ, ಅಣ್ಣ ತಂಗಿಗೆ ಇಂಗ್ಲಿಷಿನಲ್ಲಿ ಬರೆದ ಪತ್ರವನ್ನೂ ಅದಕ್ಕೆ ಅವಳ ಉತ್ತರವನ್ನೂ ಮಕ್ಕಳಿಂದ ಬರೆಸಿದರೆ ಎಸ್ಸೆಸ್ಸೆಲ್ಸಿಗೆ ಬೇಕಾದ ಪತ್ರಲೇಖನದ ಅಭ್ಯಾಸವಾಗುತ್ತದೆ. ‘ನಾಲ್ಕು ದಿನ ರಜೆ ಕೋರಿ ಮುಖ್ಯಗುರುಗಳಿಗೆ ಪತ್ರ’ ಎಂಬುದಕ್ಕಿಂತ ಈ ಪತ್ರದಲ್ಲಿ ಮಕ್ಕಳು ಹೆಚ್ಚು ಮನಸ್ಸಿಡುವುದು ಸಹಜ.

ಪದವಿ ತರಗತಿಗೆ ನಾಟಕ ತರಬಹುದು. ಧಾರವಾಡದಲ್ಲಿ ಬೆಳೆದು ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರು ತಮ್ಮ ನಾಟಕಗಳನ್ನು ತಾವೇ ಇಂಗ್ಲಿಷಿಗೆ ತಂದವರು. ಆದ್ದರಿಂದ ಕನ್ನಡ ಮತ್ತು ಇಂಗ್ಲಿಷ್ ಪಾಠಗಳೆರಡೂ ಲೇಖಕರದೇ ಆಗಿ ಪಕ್ಕಪಕ್ಕದಲ್ಲಿ ಸಿಗುತ್ತವೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳನ್ನು ಆಧರಿಸಿದ ‘ನಾಗಮಂಡಲ’ದ ಒಂದು ದೃಶ್ಯವನ್ನು ಎರಡು ಭಾಷೆಗಳಲ್ಲಿ ಪಾತ್ರ ಹಂಚಿ ಓದಿಸಿದರೆ ಸಂಭಾಷಣೆಯ ಇಂಗ್ಲಿಷ್ ಕಿವಿಗೆ ಹತ್ತುತ್ತದೆ. ಅದರ ವಸ್ತು ದಾಂಪತ್ಯದ ಒಳಗಿನದಾದ್ದರಿಂದ ಪ್ರೌಢಶಾಲೆಗೆ ಅದು ಸಲ್ಲದು.

ಈ ದಾರಿಯ ಮಿತಿಯನ್ನೂ ಹೇಳಬೇಕು. ವಚನದ ಇಂಗ್ಲಿಷ್ ಕಲಿತವರು ಬ್ಯಾಂಕಿನ ಕೌಂಟರಿನಲ್ಲಿ ಮಾತನಾಡಲು ಕಲಿತಂತಾಗುವುದಿಲ್ಲ. ಜೊತೆಗೆ, ಕನ್ನಡ ಮೂಲ ಪಕ್ಕದಲ್ಲೇ ಇದ್ದಾಗ ತರಗತಿ ಮೆಲ್ಲಗೆ ಕನ್ನಡದ ಪಾಠವಾಗಿಬಿಡುವ ಅಪಾಯವಿದೆ. ಅವಧಿಯ ಕೊನೆಯ ಕಾಲು ಗಂಟೆಯಾದರೂ ಇಂಗ್ಲಿಷಿನಲ್ಲಿ ಬರೆಯಲು ಅಥವಾ ಮಾತನಾಡಲು ಕಡ್ಡಾಯವಾಗಿ ಮೀಸಲಿರಬೇಕು.

ಇಂಗ್ಲಿಷ್ ಮೂಲದ ಕಥೆ-ಕವಿತೆ

ಇಲ್ಲಿ ಅಳತೆಯನ್ನು ಕಟ್ಟುನಿಟ್ಟಾಗಿ ಅನ್ವಯಿಸಬೇಕು, ಏಕೆಂದರೆ ಎಡವುವ ಸಾಧ್ಯತೆ ಇಲ್ಲಿಯೇ ಹೆಚ್ಚು. ವರ್ಡ್ಸ್‌ವರ್ತ್ 1807ರಲ್ಲಿ ಪ್ರಕಟಿಸಿದ ಡ್ಯಾಫೊಡಿಲ್ ಹೂವಿನ ಕವಿತೆ ನಮ್ಮ ಶಾಲೆಗಳಿಗೆ ಬಹಳ ಹಳೆಯ ಪರಿಚಯ. ಆದರೆ ಹೂವೂ ಗೊತ್ತಿಲ್ಲ, ಪದಗಳೂ ಹಳೆಯವು. ರಾಬರ್ಟ್ ಫ್ರಾಸ್ಟ್ 1923ರಲ್ಲಿ ಪ್ರಕಟಿಸಿದ ಹಿಮ ಬೀಳುವ ಸಂಜೆಯ ಕಾಡಿನ ಕವಿತೆಯಲ್ಲಿ ಹಿಮ ನಮಗೆ ಅಪರಿಚಿತವಾದರೂ ಪದಗಳು ಬಹುತೇಕ ಒಂದೆರಡು ಉಚ್ಚಾರಾಂಶದವು, ಗಾಡಿಯ ಕುದುರೆ ದಾರಿಯಲ್ಲಿ ನಿಂತಾಗಿನ ಅನುಭವ ಚಕ್ಕಡಿ ಕಂಡ ಮಗುವಿಗೆ ದೂರದ್ದಲ್ಲ. ಎಂಟನೆಯ ತರಗತಿಗೆ ಎರಡರಲ್ಲಿ ಒಂದನ್ನು ಆರಿಸಬೇಕಾದರೆ ನಾನು ಫ್ರಾಸ್ಟ್ ಕವಿತೆಯನ್ನೇ ಆರಿಸುತ್ತೇನೆ.

ಕಥೆಗಳಲ್ಲಿ ಆರ್. ಕೆ. ನಾರಾಯಣ್ ಅವರ ಮಾಲ್ಗುಡಿಯ ಕಥೆಗಳು ಸುರಕ್ಷಿತ ಆಯ್ಕೆ. ಇಂಗ್ಲಿಷಿನಲ್ಲೇ ಹುಟ್ಟಿದ ಬರಹವಾದರೂ ಅದರ ಶಾಲೆ, ಪೇಟೆ, ಅಂಚೆಯವನು ನಮ್ಮ ಊರುಗಳವರೇ, ವಾಕ್ಯಗಳು ನೇರ, ಶಂಕರನಾಗ್ ನಿರ್ದೇಶಿಸಿದ ದೂರದರ್ಶನ ಧಾರಾವಾಹಿಯ ಕಂತೊಂದನ್ನು ತೋರಿಸಿ ಆಮೇಲೆ ಓದಿಸುವ ಅನುಕೂಲವೂ ಇದೆ. ಓ. ಹೆನ್ರಿಯ ಕ್ರಿಸ್ಮಸ್ ಉಡುಗೊರೆಯ ಕಥೆಯ ಭಾವ ಯಾವ ಬಡವರ ಮನೆಗೂ ತಟ್ಟುವಂಥದ್ದು, ಆದರೆ 1905ರ ಅದರ ಮೂಲ ಭಾಷೆ ಪುರಾಣ ಉಲ್ಲೇಖಗಳಿಂದ ತುಂಬಿದೆ. ಆದ್ದರಿಂದ ಸರಳೀಕೃತ ರೂಪವೇ ಸೂಕ್ತ. ಡಿಕನ್ಸ್‌ನ ಕ್ರಿಸ್ಮಸ್ ಕಥೆಗೂ ಇದೇ ಮಾತು. ಸರಳೀಕೃತ ಪುಸ್ತಕವನ್ನು ಕೀಳಾಗಿ ಕಾಣುವವರಿದ್ದಾರೆ. ಪೂರ್ತಿ ಓದಿದ ಒಂದು ಸರಳ ಪುಸ್ತಕ, ಎರಡು ಪುಟಕ್ಕೆ ಬಿಟ್ಟ ಮೂಲಕ್ಕಿಂತ ವಿದ್ಯಾರ್ಥಿಗೆ ಹೆಚ್ಚು ಕೊಡುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಹೊರನಾಡಿನ ಹಬ್ಬಗಳು

ಮೊದಲೇ ಒಂದು ತಿದ್ದುಪಡಿ: ಕ್ರಿಸ್ಮಸ್ ಈ ಪಟ್ಟಿಗೆ ಸೇರುವುದಿಲ್ಲ. ಬಾಸೆಲ್ ಮಿಷನ್ನಿನವರು 1830ರ ದಶಕದ ಕೊನೆಗೇ ಧಾರವಾಡ-ಹುಬ್ಬಳ್ಳಿಗೆ ಬಂದರು, ಬಳಿಕ ಬೆಟಗೇರಿಯಲ್ಲೂ ನೆಲೆಯೂರಿದರು; ಅಲ್ಲಿನ ಕ್ರೈಸ್ತ ಕುಟುಂಬಗಳು ಕನ್ನಡದಲ್ಲೇ ಹಾಡಿ ಹಬ್ಬ ಮಾಡುತ್ತವೆ. ಅದನ್ನು ವಿದೇಶಿ ಹಬ್ಬವೆಂದು ಪಾಠ ಮಾಡಿದರೆ ತರಗತಿಯಲ್ಲಿರುವ ಮಗುವನ್ನೇ ಹೊರಗಿನವಳನ್ನಾಗಿ ಮಾಡಿದಂತಾಗುತ್ತದೆ.

ಉಳಿದವುಗಳಲ್ಲಿ ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ನಮ್ಮ ಮಕ್ಕಳಿಗೆ ಬೇಗ ಅರ್ಥವಾಗುವಂಥದ್ದು. ನವೆಂಬರಿನ ನಾಲ್ಕನೆಯ ಗುರುವಾರ ಬರುವ ಆ ದಿನಕ್ಕೆ 1621ರಲ್ಲಿ ಪ್ಲಿಮತ್‌ನ ವಲಸಿಗರು ಮತ್ತು ಮೂಲನಿವಾಸಿಗಳು ಸುಗ್ಗಿಯ ನಂತರ ಕೂಡಿ ಉಂಡ ನೆನಪು ಜೋಡಿಸಲ್ಪಟ್ಟಿದೆ. 1863ರಲ್ಲಿ ಲಿಂಕನ್ ಅದನ್ನು ಇಡೀ ದೇಶದ ಆಚರಣೆಯನ್ನಾಗಿ ಘೋಷಿಸಿದರು. ಹೊಲದಲ್ಲಿ ಚರಗ ಚೆಲ್ಲಿ ಬಂಧುಬಳಗದೊಂದಿಗೆ ಕುಳಿತು ಉಣ್ಣುವ ಸೀಗೆಹುಣ್ಣಿಮೆಯನ್ನು ಬಲ್ಲ ಮಗುವಿಗೆ ಇವೆರಡನ್ನು ಹೋಲಿಸಿ ಬರೆಯುವುದು ಒಳ್ಳೆಯ ಅಭ್ಯಾಸ. ಆದರೆ ಸಾಮ್ಯವನ್ನು ಮಾತ್ರ ಹೇಳಿ ನಿಲ್ಲಬಾರದು: ನಮ್ಮಲ್ಲಿ ಹೊಟ್ಟೆಯೊಳಗೆ ತೆನೆ ಹೊತ್ತ ಪೈರಿಗೆ ಪೂಜೆ, ಅಲ್ಲಿ ಮನೆಗೆ ಬಂದ ಬೆಳೆಗೆ ಕೃತಜ್ಞತೆ. ಅಲ್ಲಿನ ಮೂಲನಿವಾಸಿಗಳಲ್ಲಿ ಅನೇಕರು 1970ರಿಂದ ಅದೇ ದಿನವನ್ನು ಶೋಕದ ದಿನವಾಗಿ ಆಚರಿಸುತ್ತಾರೆ ಎಂಬುದನ್ನೂ ಪಿಯುಸಿ ಮತ್ತು ಮೇಲಿನ ವಿದ್ಯಾರ್ಥಿಗಳಿಗೆ ತಿಳಿಸಬೇಕು. ಹ್ಯಾಲೋವೀನ್ ವೇಷಗಳಿಗಾಗಿ ನಗರದ ಶಾಲೆಗಳು ಮಾಡುವ ಖರ್ಚು, ಅದರಿಂದ ಬರುವ ಇಂಗ್ಲಿಷಿಗೆ ಹೋಲಿಸಿದರೆ, ನನಗೆ ಸಮರ್ಥನೀಯವಾಗಿ ತೋರುವುದಿಲ್ಲ.

ಯಾರಿಗೆ ಯಾವುದು

ಏಳನೆಯ ತರಗತಿಯವರೆಗಿನ ಹಳ್ಳಿ ಶಾಲೆಗೆ ಹಬ್ಬ ಮತ್ತು ಜನಪದ ಕಥೆ ಸಾಕು; ಖರ್ಚೂ ಇಲ್ಲ. ಪ್ರೌಢಶಾಲೆಯಲ್ಲಿ ಹಬ್ಬವನ್ನು ವರ್ಷಕ್ಕೆ ಮೂರಕ್ಕೆ ಇಳಿಸಿ, ವಚನ, ತ್ರಿಪದಿ, ಮಾಲ್ಗುಡಿಯ ಕಥೆಗಳಿಗೆ ಹೆಚ್ಚು ಸಮಯ ಕೊಡಬೇಕು. ಪಿಯುಸಿ ಮತ್ತು ಪದವಿಗೆ ನಾಟಕ, ಅನುವಾದ, ಇಂಗ್ಲಿಷ್ ಮೂಲದ ಬರಹ ಮೂರೂ ಬರಲಿ. ಧಾರವಾಡದ ಸಪ್ತಾಪುರದ ಕೋಣೆಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರಿಗೆ ಬೇಕಾದದ್ದು ಸಾರಾಂಶ ಮತ್ತು ಪ್ರಬಂಧ. ಅವರಿಗೆ ಹಬ್ಬದ ವಿವರಣೆಗಿಂತ ಒಂದು ಆಚರಣೆಯ ಪರ-ವಿರೋಧ ಚರ್ಚೆ, ಉದಾಹರಣೆಗೆ ಹೋಳಿಯಲ್ಲಿ ನೀರಿನ ಬಳಕೆ ಅಥವಾ ಗಣಪತಿ ಮೂರ್ತಿಯ ಮಣ್ಣು-ಬಣ್ಣ, ಹೆಚ್ಚು ಉಪಯುಕ್ತ. ಹುಬ್ಬಳ್ಳಿಯ ಸಂಜೆ ತರಗತಿಗಳಿಗೆ ಬರುವ ಉದ್ಯೋಗಸ್ಥರಿಗೆ, ವಿದೇಶಕ್ಕೆ ಹೊರಟ ನರ್ಸುಗಳಿಗೆ ಮಾತ್ರ ಹೊರನಾಡಿನ ಹಬ್ಬಗಳು ಮುಂಚೂಣಿಗೆ ಬರಬೇಕು: ಸಹೋದ್ಯೋಗಿಗೆ ಶುಭಾಶಯ ಹೇಳುವುದು, ಊಟದ ಆಹ್ವಾನವನ್ನು ಒಪ್ಪುವುದು ಅಥವಾ ಸೌಜನ್ಯದಿಂದ ನಿರಾಕರಿಸುವುದು, ತಮ್ಮ ಹಬ್ಬಕ್ಕೆ ರಜೆ ಕೇಳುವ ಮಿಂಚಂಚೆ ಬರೆಯುವುದು.

ಅಂಕ ಕೊಡುವಾಗ ಹಬ್ಬದ ಬರಹದಲ್ಲಿ ಮೊದಲು ವಿವರಕ್ಕೆ, ಆಮೇಲೆ ವ್ಯಾಕರಣಕ್ಕೆ ಬೆಲೆ ಕೊಡಿ. ಸಾಹಿತ್ಯದ ಬರಹದಲ್ಲಿ ಮಗು ಓದಿದ್ದರಿಂದ ಎತ್ತಿಕೊಂಡು ಸ್ವಂತ ವಾಕ್ಯದಲ್ಲಿ ಬಳಸಿದ ಪದಗಳಿಗೆ ಗುರುತು ಹಾಕಿ. ಹತ್ತನೆಯ ತರಗತಿಗೆ ಜನವರಿಯ ನಂತರ ಹೊಸ ಸಾಮಗ್ರಿ ಏನನ್ನೂ ತರಬೇಡಿ. ಆ ಹೊತ್ತಿಗೆ ವರ್ಷದುದ್ದಕ್ಕೂ ಬರೆದ ಪತ್ರ, ವಿವರಣೆ, ಕಥೆಗಳ ನೋಟುಬುಕ್ಕನ್ನೇ ತೆಗೆಸಿ, ಪ್ರತಿಯೊಬ್ಬರೂ ತಮ್ಮ ಮೂರು ಬರಹಗಳನ್ನು ತಿದ್ದಿ ಮತ್ತೆ ಬರೆಯುವಂತೆ ಮಾಡಿದರೆ ಪರೀಕ್ಷೆಯ ಪತ್ರಲೇಖನ ಮತ್ತು ಪ್ರಬಂಧದ ತಯಾರಿ ಅದರಲ್ಲೇ ಆಗಿರುತ್ತದೆ.